ಸ್ಲೈಡ್ ನೋಡುವಾಗ ನೈಟ್ ಮೋಡ್ ಬೇಡ

ಮೊದಲ ವರ್ಷದ ಎಂಬಿಬಿಎಸ್ ಮಕ್ಕಳಿಗೆ ಇ-ಪುಸ್ತಕ ಇಟ್ಟುಕೊಂಡು ಪಾಠ ಮಾಡುವವರು "ಇಂಥ ಪುಟ ತೆಗೀರಿ" ಅನ್ನಬೇಡಿ. ಇಪಬ್ ಎಂಬ ಇ-ಪುಸ್ತಕ ರೂಪದಲ್ಲಿ ಅಕ್ಷರ ದೊಡ್ಡದು ಮಾಡಿದರೆ ಪುಟಗಳೆಲ್ಲ ಸರಿದುಹೋಗುತ್ತವೆ. ಆವೃತ್ತಿ, ಅಧ್ಯಾಯ, ಚಿತ್ರದ ಸಂಖ್ಯೆ ಹೇಳಿ. ಓಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವುದು) ಆಗದ ಸ್ಕ್ಯಾನ್ ಪಿಡಿಎಫ್‌ನಲ್ಲಂತೂ ಪದ ಹುಡುಕಿದರೆ ಏನೂ ಸಿಗದು.

ಅಂಗಾಂಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕಲಿಯುವ ಹಿಸ್ಟಾಲಜಿಯ ತೊಂದರೆ ಬೇರೆ. ಎಚ್ ಅಂಡ್ ಇ (ಹೆಮಟಾಕ್ಸಿಲಿನ್, ಇಯೋಸಿನ್ ಎಂಬ ಎರಡು ಬಣ್ಣ ಹಾಕಿದ) ಸ್ಲೈಡಿನಲ್ಲಿ ನ್ಯೂಕ್ಲಿಯಸ್ ನೀಲಿ-ನೇರಳೆ, ಸೈಟೋಪ್ಲಾಸಂ ಸಾಮಾನ್ಯವಾಗಿ ಗುಲಾಬಿ. ಕೆಲವು ಆ್ಯಪ್‌ಗಳ ನೈಟ್ ಮೋಡ್ ಚಿತ್ರದ ಬಣ್ಣವನ್ನೂ ತಿರುಗಿಸಿಬಿಡುತ್ತದೆ. ಗುಲಾಬಿ ಇದ್ದದ್ದು ಕಪ್ಪು-ಹಸಿರು. ಕಣ್ಣಿಗೆ ಹಿತವೆಂದು ಹಾಕುವ ಹಳದಿ ಫಿಲ್ಟರ್ ನೀಲಿಯನ್ನು ಮಂಕಾಗಿಸುತ್ತದೆ. ಎರಡನ್ನೂ ಆಫ್ ಮಾಡಿಸಿ, ಆಮೇಲೆ ಪ್ರಶ್ನೆ ಕೇಳಿ.

ಬ್ರೇಕಿಯಲ್ ಪ್ಲೆಕ್ಸಸ್ (ತೋಳಿಗೆ ಹೋಗುವ ನರಗಳ ಜಾಲ) ಫೋನಿನಲ್ಲಿ ಕಲಿಸುವುದು ಕಷ್ಟವೇ. ಕಾರ್ಡ್‌ಗಳತ್ತ (ನರಗಳು ಕೂಡಿ ಆಗುವ ಕಟ್ಟುಗಳತ್ತ) ಝೂಮ್ ಮಾಡಿದರೆ ಬೆನ್ನುಹುರಿಯಿಂದ ಹೊರಡುವ ಸಿ5ರಿಂದ ಟಿ1ರವರೆಗಿನ ಬೇರುಗಳು (ರೂಟ್) ಪರದೆಯಿಂದ ಹೊರಗೆ. ಯಾವುದು ಎಲ್ಲಿಂದ ಬಂತೆಂಬುದೇ ತಪ್ಪಿಹೋಗುತ್ತದೆ. 5 ರೂಟ್, 3 ಟ್ರಂಕ್, 6 ಡಿವಿಷನ್, 3 ಕಾರ್ಡ್ ಮೊದಲು ಹಾಳೆಯ ಮೇಲೆ ಬರೆಸಿ. ಪರದೆ ಆಮೇಲೆ, ತಿದ್ದಿಕೊಳ್ಳಲು.

ದೇಹ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲ್‌ನಲ್ಲಿ ಟ್ಯಾಬ್ ಅನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಸ್ಟ್ಯಾಂಡ್ ಮೇಲಿಡಿ. ಗ್ಲೌಸ್ ಹಾಕದ ಒಬ್ಬರು ಪುಟ ತಿರುಗಿಸಲಿ. ಅಟ್ಲಾಸಿನಲ್ಲಿ ನರ ಹಳದಿ, ಅಪಧಮನಿ ಕೆಂಪು; ಕೆಡದಂತೆ ಫಾರ್ಮಲಿನ್ ಹಾಕಿದ ದೇಹದಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಕಂದು. ಬಣ್ಣ ಬಿಟ್ಟು, ಬೆರಳಲ್ಲಿ ಉರುಳಿಸಿ ನೋಡಲು ಹೇಳಿ: ನರ ಗಟ್ಟಿ ದಾರದಂತೆ, ಅಪಧಮನಿಗೆ ಒಳಗೆ ಟೊಳ್ಳು.