ಅಭ್ಯಾಸದ ವೇಳೆಯನ್ನು ಗೊತ್ತುಮಾಡುವವರು ಯಾರು?

ಕ್ರೀಡಾ ಸಂಸ್ಥೆಗಳಲ್ಲಿ ಎಲ್ಲರಿಗೂ ಅವಕಾಶವಿರಬೇಕೆಂಬ ಮಾತನ್ನು ಕೊಪ್ಪಳದ ಯಾವ ಪದಾಧಿಕಾರಿಯೂ ಅಲ್ಲಗಳೆಯುವುದಿಲ್ಲ. ಮೈದಾನಕ್ಕೆ ಬರುವ ಹುಡುಗಿಯರನ್ನು ತೋರಿಸಿ ಅಲ್ಲಿಗೇ ಮಾತು ಮುಗಿಸುತ್ತಾರೆ. ನನ್ನ ತಕರಾರಿರುವುದು ಸಭೆಯಲ್ಲಿ ಕೂರುವವರ ಬಗ್ಗೆ. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯು ರಾಷ್ಟ್ರೀಯ ಒಕ್ಕೂಟಗಳ ಕಾರ್ಯಕಾರಿ ಸಮಿತಿಗೆ 15 ಸದಸ್ಯರ ಮಿತಿಯನ್ನು ಹಾಕಿ, ಅವರಲ್ಲಿ ಕನಿಷ್ಠ 4 ಮಂದಿ ಮಹಿಳೆಯರೂ ಸಾಧನೆ ಮಾಡಿದ ಕನಿಷ್ಠ 2 ಕ್ರೀಡಾಪಟುಗಳೂ ಇರಬೇಕೆಂದು ವಿಧಿಸಿದೆ. ಇದು ದೆಹಲಿಯವರಿಗೆ ಮಾಡಿದ ಕಾಯ್ದೆ ಎಂದು ಜಿಲ್ಲೆಯ ಕ್ಲಬ್ಬುಗಳು ಕೈಕಟ್ಟಿ ಕೂರುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಖೋಖೋ ಕ್ಲಬ್ಬಿನಲ್ಲಿ ಬೇಸಿಗೆಯ ಬಿಸಿಲಿನ ಕಾರಣಕ್ಕೆ ಅಭ್ಯಾಸವನ್ನು ಸಂಜೆ ಆರರ ನಂತರ ಇಡಲಾಗಿತ್ತು. ಊರೊಳಗಿನ ಹುಡುಗರಿಗೆ ಅದರಿಂದ ಯಾವ ತೊಂದರೆಯೂ ಇರಲಿಲ್ಲ. ಕುಕನೂರಿನ ಕಡೆಯ ಹಳ್ಳಿಗಳ ಹುಡುಗಿಯರು ಮಾತ್ರ ಒಬ್ಬೊಬ್ಬರಾಗಿ ಬಿಟ್ಟುಹೋದರು. ಅವರಿಗೆ ಆಸಕ್ತಿ ಇಲ್ಲವೆಂದು ಸಮಿತಿಯಲ್ಲಿ ತೀರ್ಮಾನವೂ ಆಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತವಾಗಿರುವುದರಿಂದ ಟಿಕೆಟ್ಟಿನ ಚಿಂತೆ ಅವರಿಗಿರಲಿಲ್ಲ. ಅಭ್ಯಾಸ ಮುಗಿಯುವ ಹೊತ್ತಿಗೆ ಅವರ ಊರಿನ ಕೊನೆಯ ಬಸ್ಸು ಹೊರಟುಹೋಗಿರುತ್ತಿತ್ತು. ಸಮಿತಿಗೆ ಹೊಸದಾಗಿ ಬಂದ ಮಾಜಿ ಆಟಗಾರ್ತಿಯೊಬ್ಬರು ಮೊದಲ ಸಭೆಯಲ್ಲಿಯೇ ಬಸ್ಸಿನ ವೇಳಾಪಟ್ಟಿಯನ್ನು ಮೇಜಿನ ಮೇಲಿಟ್ಟರು, ಅಭ್ಯಾಸವು ಬೆಳಗಿಗೆ ಬಂತು, ಬಿಟ್ಟುಹೋದವರಲ್ಲಿ ಕೆಲವರು ಮರಳಿದರು. ಶೌಚಾಲಯದ ಬೀಗದ ಕೈ ಕಾವಲುಗಾರನ ಮನೆಯಲ್ಲಿರುತ್ತದೆ ಎಂಬ ಸಂಗತಿಯೂ ಆ ಸಭೆಯಲ್ಲಿಯೇ ಮೊದಲ ಬಾರಿಗೆ ನಡಾವಳಿ ಪುಸ್ತಕಕ್ಕೆ ಏರಿತು.

ಹೆಸರಿಗೆ ಮಾತ್ರ ಮಹಿಳೆಯನ್ನು ಸೇರಿಸಿ, ಸಭೆಗೆ ಆಕೆಯ ಗಂಡನನ್ನು ಕರೆಯುವ ಚಾಳಿ ಪಂಚಾಯಿತಿಗಳಿಂದ ಕ್ಲಬ್ಬುಗಳಿಗೂ ಹಬ್ಬಬಹುದು. ಆದ್ದರಿಂದ ಹಾಜರಾತಿಗೆ ಸದಸ್ಯರೇ ಸಹಿ ಮಾಡಬೇಕೆಂಬ ನಿಯಮವೂ ಜೊತೆಗಿರಬೇಕು.

ದೂರಿನ ವ್ಯವಸ್ಥೆಯ ವಿಷಯದಲ್ಲಂತೂ ತಿಳಿವಳಿಕೆ ತೀರಾ ಕಡಿಮೆ. ಕೆಲಸದ ಸ್ಥಳದಲ್ಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯ ವ್ಯಾಖ್ಯೆಯೊಳಗೆ ಕ್ರೀಡಾಂಗಣ ಮತ್ತು ಕ್ರೀಡಾ ಸಂಸ್ಥೆಗಳೂ ಬರುತ್ತವೆ. ಹತ್ತಕ್ಕಿಂತ ಕಡಿಮೆ ನೌಕರರಿದ್ದು ಆಂತರಿಕ ಸಮಿತಿ ಇಲ್ಲದ ಕಡೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದಾಗ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ತರಬೇತುದಾರರ ಮೊಬೈಲ್ ಸಂಖ್ಯೆಯೊಂದೇ ಇರುವ ನಮ್ಮ ಫಲಕದಲ್ಲಿ ಆ ಸಮಿತಿಯ ವಿಳಾಸವನ್ನೂ ಕನ್ನಡದಲ್ಲಿ ಬರೆಸಬೇಕೆಂದು ಕೇಳಿದ್ದೇನೆ. ಕ್ಲಬ್ಬಿನ ಕಾರ್ಯಕಾರಿ ಸಮಿತಿಯಲ್ಲಿ ಮೂರನೆಯ ಒಂದು ಭಾಗವಾದರೂ ಮಹಿಳೆಯರಿರಬೇಕು, ಅವರಲ್ಲಿ ಒಬ್ಬರು ಹಳ್ಳಿಯಿಂದ ಬಂದು ಆಡಿದವರಾಗಿರಬೇಕು ಎಂಬ ಬೈಲಾ ತಿದ್ದುಪಡಿಗೆ ವಾರ್ಷಿಕ ಸಭೆಗೆ ಮುಂಚಿತವಾಗಿ ಕಾರ್ಯದರ್ಶಿಗಳಿಗೆ ಲಿಖಿತ ಸೂಚನೆ ಕೊಟ್ಟಿದ್ದೇನೆ.