ಲೈಬ್ರರಿಯ ಲಾಗ್ ಯಾರ ಕೈಯಲ್ಲಿರಬೇಕು?

ಬೇರೆಯವರು ಬಳಸುವ ಸಿ ಲೈಬ್ರರಿ ಬರೆಯುತ್ತಿದ್ದೀರಾ? ಕಂಪೈಲರ್‌ನ ವಾರ್ನಿಂಗನ್ನೇ ಎರರ್ ಮಾಡುವ ‘ಡಬ್ಲ್ಯೂಎರರ್’ (-Werror) ಆಯ್ಕೆ ನಿಮ್ಮ ಸಿಐನಲ್ಲಿ (ಕೋಡ್ ಬದಲಾದಾಗಲೆಲ್ಲ ತಾನೇ ಬಿಲ್ಡ್ ಮಾಡಿ ಪರೀಕ್ಷಿಸುವ ವ್ಯವಸ್ಥೆ) ಇರಲಿ, ಬಳಸುವವರ ಡೀಫಾಲ್ಟ್ ಬಿಲ್ಡ್‌ನಲ್ಲಿ ದಯವಿಟ್ಟು ಬೇಡ. ಜಿಸಿಸಿ ಕಂಪೈಲರ್‌ನ ಹೊಸ ಆವೃತ್ತಿ ಒಂದು ಹೊಸ ವಾರ್ನಿಂಗ್ ತಂದರೆ ಸಾಕು, ಸರಿಯಿದ್ದ ಕೋಡೂ ಅವರಲ್ಲಿ ಕಂಪೈಲ್ ಆಗದೆ ನಿಲ್ಲುತ್ತದೆ.

ಲಾಗಿಂಗ್, ಅಂದರೆ ಒಳಗೆ ಏನಾಗುತ್ತಿದೆ ಎಂದು ಲೈಬ್ರರಿ ಬರೆದಿಡುವುದು, ಇನ್ನೂ ಸೂಕ್ಷ್ಮ. ಎರರ್ ಸಂದೇಶಗಳ ಮಾಮೂಲಿ ದಾರಿಯಾದ ಎಸ್‌ಟಿಡಿಎರರ್‌ಗೆ (stderr) ನೇರವಾಗಿ ಬರೆದದ್ದು ಆಂಡ್ರಾಯ್ಡ್ ಆ್ಯಪ್‌ನಲ್ಲಿ ಸಾಮಾನ್ಯವಾಗಿ ಎಲ್ಲೂ ಕಾಣಿಸುವುದಿಲ್ಲ. ವಿಂಡೋಸ್‌ನ ಜಿಯುಐ (ಬಟನ್, ಮೆನುಗಳಿರುವ) ಪ್ರೋಗ್ರಾಮಿಗೆ ಸಾಮಾನ್ಯವಾಗಿ ಅಕ್ಷರ ತೋರಿಸುವ ಕನ್ಸೋಲೇ ಇರುವುದಿಲ್ಲ. ಒಂದು ಕಾಲ್‌ಬ್ಯಾಕ್ (ಆ್ಯಪ್ ಕೊಟ್ಟ ಫಂಕ್ಷನ್ನನ್ನು ಲೈಬ್ರರಿ ಕರೆಯುವ ವ್ಯವಸ್ಥೆ) ಕೊಡಿ, ಎಲ್ಲಿಗೆ ಬರೆಯಬೇಕೆಂದು ಆ್ಯಪ್ ತೀರ್ಮಾನಿಸಲಿ.

ಇನ್ನೊಂದು: ಸಿ ಭಾಷೆಯ ಪೂರ್ಣಾಂಕ ಟೈಪ್ ‘ಲಾಂಗ್’ 64 ಬಿಟ್ ಲಿನಕ್ಸ್‌ನಲ್ಲಿ 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4. ದೊಡ್ಡ ಫೈಲಿನ 64 ಬಿಟ್ ಗಾತ್ರವನ್ನು ಲಾಂಗ್‌ಗೆ ಮೀಸಲಾದ ‘ಎಲ್‌ಡಿ’ (%ld) ಫಾರ್ಮ್ಯಾಟ್‌ನಲ್ಲಿ ಪ್ರಿಂಟ್ ಮಾಡಿದರೆ ವಿಂಡೋಸ್‌ನಲ್ಲಿ ತಪ್ಪು ಸಂಖ್ಯೆ ಬರುತ್ತದೆ. ಲಾಗ್ ನಂಬಿಕೊಂಡೇ ಅಲ್ಲವೇ ಬಗ್ ಹುಡುಕುವುದು, ಅದೇ ಸುಳ್ಳು ಹೇಳಿದರೆ ಯಾರನ್ನು ಕೇಳುವುದು? ಲಾಗ್ ಫಂಕ್ಷನ್‌ಗೆ ಪ್ರಿಂಟ್‌ಎಫ್ ಫಾರ್ಮ್ಯಾಟ್ ಆಟ್ರಿಬ್ಯೂಟ್ (ಫಾರ್ಮ್ಯಾಟ್‌ಗೂ ಕೊಟ್ಟ ಮೌಲ್ಯಕ್ಕೂ ತಾಳೆ ನೋಡು ಎಂದು ಕಂಪೈಲರ್‌ಗೆ ಹೇಳುವ ಗುರುತು) ಸೇರಿಸಿ. ಫಾರ್ಮ್ಯಾಟ್ ವಾರ್ನಿಂಗ್ ಆನ್ ಇದ್ದರೆ, ವಿಂಡೋಸ್‌ಗೆ ಬಿಲ್ಡ್ ಮಾಡುವಾಗ ಜಿಸಿಸಿ, ಕ್ಲ್ಯಾಂಗ್ ಎರಡೂ ಕಂಪೈಲರ್‌ಗಳು ಈ ತಪ್ಪನ್ನು ಕಂಪೈಲ್ ಹೊತ್ತಿಗೇ ತೋರಿಸುತ್ತವೆ.