ಇಳಿತದ ನೀರಿನೊಂದಿಗೆ ಅಘನಾಶಿನಿಯಲ್ಲಿ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನ ಮಿರ್ಜಾನದ ಬಳಿ ನಾವು ದೋಣಿ ಹತ್ತಿದ್ದು ಪುಷ್ಯ ಮಾಸದ ಹುಣ್ಣಿಮೆಯ ಮರುದಿನ ಮಧ್ಯಾಹ್ನ, ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ ಭರತದ (ಉಬ್ಬರದ) ನೀರು ದಡ ತುಂಬಿ ನಿಂತಿದ್ದ ಹೊತ್ತಿನಲ್ಲಿ. ನೀರು ಆಳವಿದ್ದಾಗ ದೋಣಿ ಎಲ್ಲಿಯೂ ತಳ ಹಿಡಿಯುವುದಿಲ್ಲವಾದ್ದರಿಂದ ವಿಹಾರಕ್ಕೆ ಭರತವೇ ಅನುಕೂಲ. ಆದರೆ ನಮ್ಮನ್ನು ಕರೆದೊಯ್ದ ಹಿರಿಯ ಮೀನುಗಾರರು ಇಳಿತ ಆರಂಭವಾಗುವವರೆಗೂ ಕಾಯಿಸಿದರು. ಬಳಿಕ ಎಂಜಿನ್ ಮುಟ್ಟದೆ ಬಿದಿರಿನ ಗಳವನ್ನು ಕೈಗೆತ್ತಿಕೊಂಡು, "ನೀರೇ ತಕಂಡು ಹೋಗ್ತದೆ" ಎಂದರು.

ಮೊದಲ ಅರ್ಧ ಗಂಟೆಯಲ್ಲಿ ಕಂಡದ್ದು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಮರಗಳ ಹಸಿರು ಗೋಡೆ ಮತ್ತು ಅದರ ಮೇಲೆ ಸುತ್ತುತ್ತಿದ್ದ ಒಂದು ಗರುಡ, ಅಷ್ಟೆ. ನೀರು ಇಳಿಯುತ್ತ ಹೋದಂತೆ ಮರಗಳ ಊರುಗಾಲಿನಂತಹ ಬೇರುಗಳು ಬಯಲಾದವು, ಬೇರುಗಳ ನಡುವೆ ಕೆಸರು ಬಯಲಾಯಿತು. ಒಂದು ಕೊಂಡಿ ಮಾತ್ರ ದೊಡ್ಡದಾಗಿರುವ ಸಣ್ಣ ಏಡಿಗಳು ಬಿಲಗಳಿಂದ ಹೊರಬಂದು ಅದನ್ನು ಎತ್ತಿ ಎತ್ತಿ ಆಡಿಸತೊಡಗಿದವು. ಅವುಗಳ ಹಿಂದೆಯೇ ಹಕ್ಕಿಗಳು ಇಳಿದವು. ಮೋಟುಕೊಕ್ಕಿನ ಪುಟ್ಟ ಹಕ್ಕಿಗಳು ಕೆಸರಿನ ಮೇಲ್ಪದರವನ್ನು ಹೆಕ್ಕುತ್ತ ಓಡಾಡಿದರೆ, ಬಾಗಿದ ಉದ್ದ ಕೊಕ್ಕಿನ ಗೊರವಗಳು ಆಳದ ಹುಳುಗಳಿಗಾಗಿ ಕೊಕ್ಕನ್ನು ಬುಡದವರೆಗೂ ತೂರಿಸುತ್ತಿದ್ದವು. ಒಂದೇ ಕೆಸರಿನಲ್ಲಿ ಒಬ್ಬರ ಊಟಕ್ಕೆ ಇನ್ನೊಬ್ಬರು ಕೈಹಾಕದೆ ಉಣ್ಣುವ ಈ ಏರ್ಪಾಡನ್ನು ಹತ್ತಿರದಿಂದ ನೋಡಿದಾಗ ನನಗಾದ ಸಂತೋಷವನ್ನು ಹೇಳಲು ಮಾತು ಸಾಲದು. ಇವುಗಳಲ್ಲಿ ಹಲವು ಮಧ್ಯ ಏಷ್ಯಾ ಮತ್ತು ಸೈಬೀರಿಯಾದ ಚಳಿಗಾಲವನ್ನು ತಪ್ಪಿಸಿಕೊಂಡು ಬಂದ ಅತಿಥಿಗಳು.

ನದಿಯ ನಡುಗಡ್ಡೆಗಳಾದ ಕೂರ್ವೆಗಳ ಬಳಿ ಮರಳುದಿಬ್ಬಗಳು ತಲೆಯೆತ್ತಿದಾಗ ಹೆಂಗಸರು ಬುಟ್ಟಿ ಹಿಡಿದು ನೀರಿಗಿಳಿದರು. ಸೊಂಟದ ಮಟ್ಟದ ನೀರಿನಲ್ಲಿ ಕಾಲಿನಿಂದಲೇ ತಡಕಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುವ ಅವರಿಂದ ಕೂಗಳತೆಯಲ್ಲಿಯೇ ಬೆಳ್ಳಕ್ಕಿಗಳು ನಿರ್ಭಯವಾಗಿ ನಿಂತಿದ್ದವು. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಬರುವ ಈ ನದಿಗೆ ದೊಡ್ಡ ಅಣೆಕಟ್ಟು ಯಾವುದೂ ಇಲ್ಲದಿರುವುದರಿಂದಲೇ ಮಳೆಗಾಲದ ಸಿಹಿನೀರು, ಬೇಸಿಗೆಯ ಉಪ್ಪುನೀರು ಎರಡೂ ತಮ್ಮ ತಮ್ಮ ಕಾಲಕ್ಕೆ ಇಲ್ಲಿಗೆ ಬರುತ್ತವೆ. ಇದೇ ಜಿಲ್ಲೆಯ ಶರಾವತಿಯಲ್ಲಿ ವಿದ್ಯುದಾಗಾರಗಳು ವರ್ಷವಿಡೀ ಹೊರಬಿಡುವ ಸಿಹಿನೀರು ಅಳಿವೆಯ ಉಪ್ಪನ್ನು ಕುಗ್ಗಿಸಿ ಬಳಚಿನ ನೆಲೆಗಳನ್ನು ಬಹುಮಟ್ಟಿಗೆ ಬರಿದಾಗಿಸಿದ್ದನ್ನು ಬಲ್ಲವರಿಗೆ ಈ ಬುಟ್ಟಿಗಳ ಬೆಲೆ ತಿಳಿಯುತ್ತದೆ.

ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಭೂಮಿಯ, ಅಂದರೆ ಅಳಿವೆಯಂಚಿನ ತಗ್ಗು ಗದ್ದೆಗಳ, ಒಡ್ಡಿನ ಬಳಿ ದೋಣಿಯವರು ಗಳವನ್ನು ಕೆಸರಿಗೆ ಊರಿ ದೋಣಿಯನ್ನು ನಿಲ್ಲಿಸಿದರು. ತೂಬಿನಿಂದ ಹೊರಹರಿಯುವ ನೀರಿನೊಂದಿಗೆ ಮೀನು ಬರುವ ಜಾಗವದು. ಅಲ್ಲಿ ಮೂರು ನೀರುನಾಯಿಗಳು ಒಂದರ ಹಿಂದೊಂದು ಮುಳುಗೇಳುತ್ತಿದ್ದವು. ಒಂದು ಮೀನನ್ನು ಮುಂಗಾಲುಗಳಲ್ಲಿ ಹಿಡಿದು ತಲೆಯ ಕಡೆಯಿಂದ ಕಚಕಚನೆ ಕಡಿಯುತ್ತಿದ್ದ ಸದ್ದು ನಮ್ಮವರೆಗೂ ಕೇಳಿಸುತ್ತಿತ್ತು. ಬಲೆ ಹರಿಯುತ್ತವೆಂದು ಮೀನುಗಾರರಿಗೆ ಅವುಗಳ ಮೇಲೆ ಸಿಟ್ಟಿದೆ, ಅದು ನ್ಯಾಯವಾದ ಸಿಟ್ಟೇ. ಆದರೂ ನಮ್ಮ ಹಿರಿಯರು ಅವು ಒಡ್ಡು ದಾಟಿ ಹೋಗುವವರೆಗೂ ಗಳವನ್ನು ಕೀಳಲಿಲ್ಲ.

ತದಡಿ ಬಂದರಿನಲ್ಲಿ ಮೀನು ವಿಂಗಡಿಸುವವರ ತಲೆಯ ಮೇಲೆ ಕಡಲಹಕ್ಕಿಗಳ ಗದ್ದಲವಿತ್ತು. 2024ರಲ್ಲಿ ಈ ಅಳಿವೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ನೋಡಲು ಬರುವವರು ಹೆಚ್ಚಬಹುದು, ಹೆಚ್ಚಲಿ. ಬರುವವರು ಪಂಚಾಂಗದ ತಿಥಿ ನೋಡಿ, ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಇಳಿತವನ್ನೇ ಆರಿಸಿಕೊಂಡು, ಎಂಜಿನ್ ನಿಲ್ಲಿಸಲು ಒಪ್ಪುವ ದೋಣಿಯವರನ್ನು ಕೇಳಿ ಹೊರಡಬೇಕೆಂಬುದು ನನ್ನ ಕೋರಿಕೆ.